ಪುಟ್ಟ ವಿಮಾನ ಕಟ್ಟಲು ಕೈಪಿಡಿ ಬೇಕೆ?

ಚಳ್ಳಕೆರೆ: ಚಿತ್ರದುರ್ಗ ಜಿಲ್ಲೆಯ ವರವು ಕಾವಲ್ ಒಂದು ಕಾಲಕ್ಕೆ ಅಮೃತ ಮಹಲ್ ರಾಸುಗಳ ಮೇವಿನ ಬಯಲು. ಆ ನೆಲ ಕೈತಪ್ಪಿದ ಬಗ್ಗೆ ಕುರಿಗಾಹಿಗಳು ನಡೆಸಿದ ಹೋರಾಟದ್ದು ಬೇರೆಯದೇ ಕಥೆ. ಈಗ ಅದೇ ಬಯಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ವೈಮಾನಿಕ ಪರೀಕ್ಷಾ ವಲಯವಿದೆ. ಮಾನವರಹಿತ ವಿಮಾನ ರುಸ್ತುಂ-2 ಮೊದಲ ಬಾರಿಗೆ ಹಾರಿದ್ದು ಇಲ್ಲಿಂದಲೇ, 2016ರ ನವೆಂಬರ್‌ನಲ್ಲಿ. 2017ರ ಮೇ 28ರಂದು ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಈ ಕೇಂದ್ರವನ್ನು ಉದ್ಘಾಟಿಸಿದರು. 4,290 ಎಕರೆಯ ಈ ಆವರಣದಲ್ಲಿ ಎರಡು ಕಿಲೋಮೀಟರ್‌ಗೂ ಹೆಚ್ಚು ಉದ್ದದ ರನ್‌ವೇ ಇದೆ.

ಬೇಲಿಯ ಹೊರಗೆ ನಿಂತು ಆಕಾಶ ನೋಡುವ ಬಾಲಕನಿಗೆ ಆ ವಿಮಾನ ಮುಟ್ಟಲು ಸಿಗುವುದಿಲ್ಲ. ಆದರೆ ವಿಮಾನವೊಂದನ್ನು ಮನೆಯ ಮೇಜಿನ ಮೇಲೆ ತಾನೇ ಕಟ್ಟುವ ಹಾದಿಯೊಂದಿದೆ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ, ನಿಜವಾದ ವಿಮಾನದ ಅಳತೆಗೆ ತಕ್ಕಂತೆ ಕಿರಿದು ಮಾಡಿದ ಮಾದರಿಯನ್ನು ಸಿದ್ಧಪಡಿಸುವ ಹವ್ಯಾಸವದು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ನಗರಗಳ ಓದುಗರಿಗೆ ಇದು ಅಪರಿಚಿತವೇನಲ್ಲ. ಬಾಲ್ಯದಲ್ಲಿ ಇಂಥದೊಂದು ಪೆಟ್ಟಿಗೆ ತೆರೆದು, ಅರ್ಧಕ್ಕೆ ನಿಲ್ಲಿಸಿ, ಅಟ್ಟಕ್ಕೆ ಏರಿಸಿದವರು ಅನೇಕರಿರಬಹುದು.

ಅರ್ಧಕ್ಕೆ ನಿಲ್ಲಿಸಿದ್ದೇಕೆ? 'ನನ್ನ ಕೈಗೆ ಇದು ಬಗ್ಗದು' ಎಂಬುದು ಹೆಚ್ಚಿನವರ ಉತ್ತರ. ತಿಂಗಳುಗಟ್ಟಲೆ ಕೂಡಿಟ್ಟ ಹಣದಲ್ಲಿ ಕೊಂಡ ಕಿಟ್ ಕೆಟ್ಟಾಗ ಹುಡುಗನೊಬ್ಬ ಬರೀ ಪ್ಲಾಸ್ಟಿಕ್ ಕಳೆದುಕೊಳ್ಳುವುದಿಲ್ಲ, ತನ್ನ ಕೈಯ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ. ವಾಸ್ತವದಲ್ಲಿ ತಪ್ಪು ಹಲವು ಬಾರಿ ಕೈಯದಾಗಿರದೆ, ಯಾರೂ ಹೇಳದೆ ಉಳಿದ ಮಾತಿನದಾಗಿರುತ್ತದೆ. ಹಾಗಾದರೆ ಕ್ಲಿಷ್ಟವಾದ ಕಿಟ್‌ಗಳಿಗೆ ಪೆಟ್ಟಿಗೆಯೊಳಗಿನ ಸೂಚನಾ ಹಾಳೆ ಸಾಲದೆ? ಪ್ರತ್ಯೇಕವಾದ ಕೈಪಿಡಿ ಬೇಕೆ?

ಹಾಳೆ ಹೇಳುವುದೆಷ್ಟು?

ಪ್ರತಿ ಕಿಟ್‌ನೊಂದಿಗೂ ಸೂಚನಾ ಹಾಳೆ ಇರುತ್ತದೆ. ಅದರಲ್ಲಿ ಬಿಡಿಭಾಗಗಳಿಗೆ ಸಂಖ್ಯೆ, ಜೋಡಣೆಗೆ ಹಂತ, ಬಣ್ಣಕ್ಕೆ ಸಂಕೇತ ನೀಡಲಾಗಿರುತ್ತದೆ. ಯಾವ ಭಾಗ ಎಲ್ಲಿಗೆ, ಯಾವುದರ ನಂತರ ಯಾವುದು ಎಂಬುದನ್ನು ಹಾಳೆ ಹೇಳುತ್ತದೆ. ಆದರೆ ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಅದು ಬಹುಮಟ್ಟಿಗೆ ಹೇಳುವುದಿಲ್ಲ.

ಈ ವರದಿಗಾರ ಹಿಂದೊಮ್ಮೆ ಜೋಡಿರೆಕ್ಕೆಯ ಹಳೆಯ ವಿಮಾನವೊಂದರ ಮಾದರಿ ಕಟ್ಟಲು ಹೊರಟಿದ್ದುಂಟು. ಹಾಳೆಯ ಕ್ರಮದಂತೆ ಮೇಲಿನ ರೆಕ್ಕೆಯನ್ನು ಅಂಟಿಸಿದ್ದಾಯಿತು. ಬಣ್ಣದ ವಿವರ ಇದ್ದದ್ದು ಕೊನೆಯ ಪುಟದಲ್ಲಿ. ಅಲ್ಲಿಗೆ ತಲುಪುವ ಹೊತ್ತಿಗೆ ಎರಡು ರೆಕ್ಕೆಗಳ ನಡುವೆ ಕುಂಚ ನುಗ್ಗುವಂತಿರಲಿಲ್ಲ. ರೆಕ್ಕೆಗಳನ್ನು ಬಿಗಿಯುವ ತಂತಿಗಳಿಗೆ ಜೋಡಣೆಗೆ ಮುನ್ನವೇ ಸೂಕ್ಷ್ಮ ರಂಧ್ರ ಕೊರೆದಿಡಬೇಕಿತ್ತೆಂಬುದು ತಿಳಿದದ್ದೂ ಆಗಲೇ. ಹಾಳೆಯಲ್ಲಿ ಸುಳ್ಳಿರಲಿಲ್ಲ. ಅನುಭವಿಯೊಬ್ಬ ಮೊದಲು ಹೇಳುತ್ತಿದ್ದ ಮಾತನ್ನು ಅದು ಹೇಳಿರಲಿಲ್ಲ ಅಷ್ಟೆ.

ಪಕ್ಕದ ಮೊಳಕಾಲ್ಮುರಿನ ರೇಷ್ಮೆ ಮಗ್ಗಗಳನ್ನು ಕಂಡವರಿಗೆ ಈ ವ್ಯತ್ಯಾಸ ಸುಲಭವಾಗಿ ಅರ್ಥವಾದೀತು. ಸೀರೆಯ ಅಂಚಿನ ಚಿತ್ತಾರವನ್ನು ಚೌಕಳಿ ಕಾಗದದ ಮೇಲೆ ಬಿಡಿಸಿ, ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹಾಕಿ ಜಕಾರ್ಡ್ ಯಂತ್ರಕ್ಕೆ ಏರಿಸಿದರೆ ಯಾವ ಎಳೆ ಯಾವಾಗ ಮೇಲೇಳಬೇಕೆಂಬುದು ನಿರ್ಧಾರವಾಗುತ್ತದೆ. ಹೊಕ್ಕಿನ ಎಳೆಯನ್ನು ಎಷ್ಟು ಬಿಗಿಯಾಗಿ ಬಡಿಯಬೇಕು, ಎಳೆ ಕಡಿದಾಗ ಏನು ಮಾಡಬೇಕು ಎಂಬುದನ್ನು ಆ ಕಾರ್ಡು ಕಲಿಸುವುದಿಲ್ಲ. ಅದನ್ನು ಹಿರಿಯ ನೇಕಾರರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಮಾದರಿ ಕಟ್ಟುವವನಿಗೆ ಕೈಪಿಡಿ ಎಂದರೆ ಪಕ್ಕದಲ್ಲಿ ಇಲ್ಲದ ಆ ಹಿರಿಯನ ಬದಲಿ ವ್ಯವಸ್ಥೆ.

ಕ್ಲಿಷ್ಟತೆ ಎಂದರೇನು?

ಬಿಡಿಭಾಗಗಳ ಸಂಖ್ಯೆ ಹೆಚ್ಚಿದ್ದರೆ ಕಿಟ್ ಕಷ್ಟ ಎಂಬುದು ಸಾಮಾನ್ಯ ನಂಬಿಕೆ. ಇದು ಪೂರ್ತಿ ನಿಜವಲ್ಲ. ಜಪಾನಿನ ತಮಿಯಾ ಸಂಸ್ಥೆ 1:32 ಪ್ರಮಾಣದಲ್ಲಿ ಹೊರತಂದ ಸ್ಪಿಟ್‌ಫೈರ್, ಮಸ್ಟಾಂಗ್, ಮಸ್ಕಿಟೋ ಕಿಟ್‌ಗಳಲ್ಲಿ ನೂರಾರು ಬಿಡಿಭಾಗಗಳಿವೆ. ಆದರೂ ಅವು ಒಂದಕ್ಕೊಂದು ಕಚ್ಚಿ ಕೂರುವ ನಿಖರತೆಗೆ ಹೆಸರಾಗಿವೆ. ಹಾಳೆಯನ್ನು ತಾಳ್ಮೆಯಿಂದ ಅನುಸರಿಸುವವನಿಗೆ ಅಲ್ಲಿ ಬೇರೆ ಪುಸ್ತಕದ ಅಗತ್ಯ ಕಡಿಮೆ.

ಇದಕ್ಕೆ ವಿರುದ್ಧವಾದ ನಿದರ್ಶನ ಸಣ್ಣ ತಯಾರಕರ ಸೀಮಿತ ಸಂಖ್ಯೆಯ ಕಿಟ್‌ಗಳದು. ಇವುಗಳಲ್ಲಿ ಭಾಗಗಳು ನಲವತ್ತೋ ಐವತ್ತೋ ಇರಬಹುದು. ಆದರೆ ರೆಕ್ಕೆ ಒಡಲಿಗೆ ಸರಿಯಾಗಿ ಕೂರಲು ಬೇಕಾದ ಮೊಳೆ-ಕುಳಿಗಳು ಅನೇಕ ವೇಳೆ ಇರುವುದಿಲ್ಲ. ಅಚ್ಚಿನ ಅಂಚಿನಿಂದ ಹೊರಚಾಚಿದ ಪ್ಲಾಸ್ಟಿಕ್ ಪೊರೆಯನ್ನು ಹೆರೆಯಬೇಕಾಗುತ್ತದೆ. ಬಿರುಕುಗಳಿಗೆ ಪುಟ್ಟಿ ತುಂಬಿ ಉಪ್ಪು ಕಾಗದದಿಂದ ಉಜ್ಜಬೇಕಾಗುತ್ತದೆ.

ಇನ್ನೂ ಕಠಿಣವಾದದ್ದು ನಿರ್ವಾತ ವಿಧಾನದಲ್ಲಿ ರೂಪಿಸಿದ ಕಿಟ್. ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಇದನ್ನು ತಯಾರಿಸುತ್ತಾರೆ. ಇಲ್ಲಿ ಬಿಡಿಭಾಗ ಸಿದ್ಧವಾಗಿ ಬರುವುದಿಲ್ಲ, ಹಾಳೆಯ ಮೇಲೆ ಉಬ್ಬಾಗಿ ಮೂಡಿರುತ್ತದೆ. ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದು, ಬ್ಲೇಡಿನಿಂದ ಗೀರಿ, ಮುರಿದು ತೆಗೆದು, ಗೆರೆ ಮುಗಿಯುವವರೆಗೆ ಸಮತಟ್ಟಾದ ಉಪ್ಪು ಕಾಗದದ ಮೇಲೆ ಉಜ್ಜಬೇಕು. ಹಾಳೆಯ ದಪ್ಪದಷ್ಟನ್ನು ತೆಗೆಯದಿದ್ದರೆ ವಿಮಾನದ ಒಡಲು ದಪ್ಪವಾಗುತ್ತದೆ, ಹೆಚ್ಚು ತೆಗೆದರೆ ತೆಳ್ಳಗಾಗುತ್ತದೆ. ಈ ಕೆಲಸಕ್ಕೆ ಮಾರ್ಗದರ್ಶನವಿಲ್ಲದೆ ಮೊದಲ ಬಾರಿಗೆ ಕೈಹಾಕುವುದು ಕಿಟ್ ಹಾಳು ಮಾಡಲು ನೇರ ದಾರಿ.

ಪ್ರಮಾಣದ ಲೆಕ್ಕವನ್ನೂ ಗಮನಿಸಬೇಕು. ರುಸ್ತುಂ-2ರ ರೆಕ್ಕೆಗಳ ಹರವು 20.6 ಮೀಟರ್. 1:72 ಪ್ರಮಾಣದಲ್ಲಿ ಅದು ಸುಮಾರು 29 ಸೆಂಟಿಮೀಟರ್ ಆಗುತ್ತದೆ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದಲ್ಲಿ 7.2 ಸೆಂಟಿಮೀಟರ್ ತಪ್ಪಿದಂತೆ. ಅಷ್ಟು ಉದ್ದದ, ಕಿರಿದಾದ ರೆಕ್ಕೆ ಬುಡದಲ್ಲಿ ಕೂದಲೆಳೆಯಷ್ಟು ಓರೆಯಾದರೂ ತುದಿಯಲ್ಲಿ ಅದು ಎದ್ದು ಕಾಣುತ್ತದೆ.

ನ್ಯಾಟ್ ಕಲಿಸುವ ಪಾಠ

ಜೋಡಣೆ ಸಲೀಸಾಗಿದ್ದರೂ ಪುಸ್ತಕ ಬೇಕಾಗುವ ಸಂದರ್ಭವೊಂದಿದೆ. ಕಿಟ್‌ನಲ್ಲಿರುವ ವಿಮಾನವೇ ಬೇರೆ, ಕಟ್ಟಲು ಬಯಸಿದ ವಿಮಾನವೇ ಬೇರೆ ಆದಾಗ.

1965 ಮತ್ತು 1971ರ ಯುದ್ಧಗಳಲ್ಲಿ ಹೆಸರು ಮಾಡಿದ ಪುಟ್ಟ ಯುದ್ಧವಿಮಾನ ನ್ಯಾಟ್ ಕನ್ನಡಿಗರಿಗೆ ಹತ್ತಿರದ್ದು. ಪರವಾನಗಿ ಪಡೆದು ಅದನ್ನು ನಿರ್ಮಿಸಿದ್ದು ಬೆಂಗಳೂರಿನ ಎಚ್‌ಎಎಲ್. ಅದರ ಸುಧಾರಿತ ರೂಪವಾದ ಅಜಿತ್ ಕೂಡ ಅಲ್ಲಿಯದೇ. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1:72 ಪ್ರಮಾಣದಲ್ಲಿ ತಯಾರಿಸಿದ ನ್ಯಾಟ್ ಕಿಟ್ ಹವ್ಯಾಸಿಗಳ ವಲಯದಲ್ಲಿ ಚಿರಪರಿಚಿತ. ಆದರೆ ಅದು ಇಬ್ಬರು ಕೂರುವ ತರಬೇತಿ ವಿಮಾನದ ಮಾದರಿ. ಭಾರತೀಯ ವಾಯುಪಡೆ ಯುದ್ಧಕ್ಕೆ ಬಳಸಿದ್ದು ಒಬ್ಬರೇ ಕೂರುವ ನ್ಯಾಟ್.

ಇವೆರಡರ ಅಂತರ ಆಸನಕ್ಕಷ್ಟೇ ಸೀಮಿತವಲ್ಲ. ತರಬೇತಿ ವಿಮಾನದ ಒಡಲು ಉದ್ದ, ರೆಕ್ಕೆಯೂ ದೊಡ್ಡದು. ರೆಕ್ಕೆಗಳ ಹರವಿನ ವ್ಯತ್ಯಾಸ ಸುಮಾರು 60 ಸೆಂಟಿಮೀಟರ್; 1:72 ಪ್ರಮಾಣದಲ್ಲಿ ಎಂಟು ಮಿಲಿಮೀಟರಿನಷ್ಟು. ಕಿಟ್‌ನ ಹಾಳೆಯಂತೆ ಒಂದಿಷ್ಟೂ ತಪ್ಪದೆ ಕಟ್ಟಿ, ಮೇಲೆ ಭಾರತೀಯ ವಾಯುಪಡೆಯ ಲಾಂಛನ ಅಂಟಿಸಿದರೂ 1965ರ ನ್ಯಾಟ್ ಸಿದ್ಧವಾಗದು. ಇದನ್ನು ತಿಳಿಸಬಲ್ಲದ್ದು ಆ ವಿಮಾನದ ಚರಿತ್ರೆ, ಅಳತೆ, ನಕ್ಷೆಗಳಿರುವ ಆಕರ ಪುಸ್ತಕ ಮಾತ್ರ.

ಕೈಪಿಡಿಗಳಲ್ಲಿ ಎರಡು ಬಗೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಒಂದು, ನಿರ್ದಿಷ್ಟ ಕಿಟ್ಟನ್ನು ಕಟ್ಟುವ ಕ್ರಮ ಹೇಳುವಂಥದು. ಇನ್ನೊಂದು, ನಿಜವಾದ ವಿಮಾನವನ್ನು ಪರಿಚಯಿಸುವಂಥದು. ಮೊದಲನೆಯದರ ಆಯುಷ್ಯ ಕಿಟ್‌ನ ಆಯುಷ್ಯದಷ್ಟೇ. ಮೊದಲ ಮಹಾಯುದ್ಧದ ವಿಮಾನಗಳ ಮಾದರಿಗೆ ಹೆಸರಾಗಿದ್ದ ನ್ಯೂಜಿಲೆಂಡಿನ ವಿಂಗ್‌ನಟ್ ವಿಂಗ್ಸ್ ಸಂಸ್ಥೆ ಇದಕ್ಕೆ ಉದಾಹರಣೆ. ಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ ಒಡೆತನದ ಈ ಸಂಸ್ಥೆ 2009ರಿಂದ ಕಿಟ್ ಮಾರುತ್ತಿತ್ತು. ಅದರ ಸೂಚನಾ ಪುಸ್ತಿಕೆಯಲ್ಲಿ ಮೂಲ ವಿಮಾನದ ಛಾಯಾಚಿತ್ರಗಳೂ ಇದ್ದವು. ಹಾಳೆ ಮತ್ತು ಕೈಪಿಡಿ ಎರಡೂ ಒಂದೇ ಆಗಿದ್ದ ಅಪರೂಪದ ವ್ಯವಸ್ಥೆ ಅದು. 2020ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಅಂಥ ಕಿಟ್‌ಗೆಂದೇ ಬರೆದ ಕ್ರಮ ಇನ್ನೊಂದು ಕಿಟ್‌ಗೆ ಒದಗದು. ವಿಮಾನದ ಬಗೆಗಿನ ಪುಸ್ತಕವಾದರೋ ಯಾವ ಸಂಸ್ಥೆಯ, ಯಾವ ಪ್ರಮಾಣದ ಕಿಟ್ ಕಟ್ಟುವಾಗಲೂ ನೆರವಿಗೆ ಬರುತ್ತದೆ.

ನಕ್ಷೆಯಿಂದ ರುಸ್ತುಂವರೆಗೆ

ಮಾದರಿಗಳನ್ನು ಬಿಟ್ಟು ನಿಜವಾದ ವಿಮಾನವನ್ನೇ ಮನೆಯಲ್ಲಿ ಕಟ್ಟುವವರ ಅನುಭವ ಈ ಚರ್ಚೆಗೆ ಬೆಳಕು ಚೆಲ್ಲುತ್ತದೆ. ಅದರ ಎಳೆ ವರವು ಕಾವಲ್‌ನ ವಿಮಾನಗಳವರೆಗೂ ಬಂದು ಮುಟ್ಟುತ್ತದೆ ಎಂಬುದು ಕುತೂಹಲಕರ.

ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ 1970ರ ದಶಕದಲ್ಲಿ ಲಾಂಗ್-ಇಝೀ ಎಂಬ ಎರಡು ಆಸನದ ಪುಟ್ಟ ವಿಮಾನವನ್ನು ರೂಪಿಸಿದರು. ಮುಂದೆ ಕಿರುರೆಕ್ಕೆ, ಹಿಂದೆ ಪ್ರೊಪೆಲ್ಲರ್ ಇರುವ ಈ ವಿಮಾನದ ನಕ್ಷೆಗಳನ್ನು ಅವರ ಸಂಸ್ಥೆ ಹವ್ಯಾಸಿಗಳಿಗೆ ಮಾರಿತು. ನೊರೆಯಂಥ ಫೋಮ್ ತುಂಡುಗಳನ್ನು ಬಿಸಿ ತಂತಿಯಿಂದ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ಅದ್ದಿ ಹೊದಿಸುವ ಕ್ರಮ ಅದರದು. ನಕ್ಷೆಯ ಪುಸ್ತಕ ನೇರವಾಗಿ ವಿಮಾನಕ್ಕೆ ಕೈಹಾಕಲು ಬಿಡುವುದಿಲ್ಲ. ಮೊದಲು ಅಭ್ಯಾಸದ ತುಣುಕುಗಳನ್ನು ಮಾಡಿಸುತ್ತದೆ. ಅವುಗಳಲ್ಲೊಂದನ್ನು ತೂಗಿ, ರಾಳ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ನೋಡಿಕೊಳ್ಳಬೇಕು. ಕೈ ಪಳಗಿದ ಮೇಲಷ್ಟೇ ಮುಂದಿನ ಅಧ್ಯಾಯ. ಪ್ರಾಣದ ಪ್ರಶ್ನೆ ಇರುವಲ್ಲಿ ಕೈಪಿಡಿ ಹೀಗಿರಬೇಕಾಗುತ್ತದೆ.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) 1980ರ ದಶಕದಲ್ಲಿ ಇದೇ ಲಾಂಗ್-ಇಝೀ ಆಧರಿಸಿ ಹಗುರ ಕೆನಾರ್ಡ್ ಸಂಶೋಧನಾ ವಿಮಾನವನ್ನು ನಿರ್ಮಿಸಿತು. ಆ ಕಾರ್ಯದ ಮುಂದಾಳು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ರುಸ್ತುಂ ದಮಾನಿಯಾ. ಅದೇ ವಿಮಾನದ ವಿನ್ಯಾಸ ಮುಂದೆ ಡಿಆರ್‌ಡಿಒದ ಮಾನವರಹಿತ ರುಸ್ತುಂ-1ಕ್ಕೆ ತಳಹದಿಯಾಯಿತು. ಹೆಸರು ಇಟ್ಟದ್ದು 2001ರಲ್ಲಿ ನಿಧನರಾದ ದಮಾನಿಯಾ ಅವರ ಗೌರವಾರ್ಥ. ವರವು ಕಾವಲ್‌ನಲ್ಲಿ ಹಾರಿದ ರುಸ್ತುಂ-2ರ ವಿನ್ಯಾಸ ಬೇರೆಯಾದರೂ ಹೆಸರು ಮಾತ್ರ ಆ ಪರಂಪರೆಯದೇ.

ಮಾದರಿ ಕಟ್ಟುವವರಿಗೆ ಲಾಂಗ್-ಇಝೀಯಲ್ಲೊಂದು ಸೊಗಸಾದ ಪಾಠವಿದೆ. ಚಾಲಕ ಇಳಿದ ಮೇಲೆ ಆ ವಿಮಾನದ ಭಾರ ಹಿಂದಕ್ಕೆ ವಾಲುತ್ತದೆ. ಆದ್ದರಿಂದ ಮುಂದಿನ ಗಾಲಿಯನ್ನು ಮಡಚಿ, ಮೂತಿಯನ್ನು ನೆಲಕ್ಕೆ ತಾಗಿಸಿ ಅದನ್ನು ನಿಲ್ಲಿಸುವುದೇ ರೂಢಿ. ಇದನ್ನು ಅರಿಯದವನು ಖಾಲಿ ವಿಮಾನದ ಮಾದರಿಯನ್ನು ಮೂರೂ ಗಾಲಿಗಳ ಮೇಲೆ ನೆಟ್ಟಗೆ ನಿಲ್ಲಿಸಲು ಮೂತಿಯೊಳಗೆ ಸೀಸದ ತುಂಡು ತುರುಕುತ್ತಾನೆ. ಕೆಲಸ ಅಚ್ಚುಕಟ್ಟಾಗಿಯೇ ಇರುತ್ತದೆ, ವಿಮಾನ ಮಾತ್ರ ಎಂದೂ ನಿಲ್ಲದ ಭಂಗಿಯಲ್ಲಿ ನಿಂತಿರುತ್ತದೆ.

ಕೈಪಿಡಿಯೇ ಇಲ್ಲದ ಕಡೆ

ಯಾರೂ ಕಟ್ಟದ್ದನ್ನು ಕಟ್ಟುವವರಿಗೆ ಕೈಪಿಡಿ ಎಲ್ಲಿಂದ ಬರಬೇಕು? ವರವು ಕಾವಲ್‌ನ ಕೆಲಸವೇ ಅಂಥದು.

2022ರ ಜುಲೈ 1ರಂದು ಇಲ್ಲಿ ಬಾಲವಿಲ್ಲದ, ಬಾಣದ ಮೊನೆಯಾಕಾರದ ರೆಕ್ಕೆಯ ಮಾನವರಹಿತ ವಿಮಾನವೊಂದು ಮೊದಲ ಬಾರಿಗೆ ಹಾರಿತು. ಮುಂದೆ ನಿರ್ಮಿಸಬೇಕಾದ ದೊಡ್ಡ ವಿಮಾನಕ್ಕೆ ಬೇಕಾದ ತಂತ್ರಜ್ಞಾನವನ್ನು ಚಿಕ್ಕ ಗಾತ್ರದಲ್ಲಿ ಪರೀಕ್ಷಿಸುವುದು ಇದರ ಉದ್ದೇಶ. ಎರಡು ಮೂಲಮಾದರಿಗಳನ್ನು ಬಳಸಿ, ಹಂತ ಹಂತವಾಗಿ ರೂಪ ಬದಲಿಸುತ್ತಾ ಹಾರಾಟ ನಡೆಸಲಾಯಿತು. 2023ರ ಡಿಸೆಂಬರ್ 15ರಂದು ಅಂತಿಮ ರೂಪದ ಯಶಸ್ವಿ ಹಾರಾಟವನ್ನು ಡಿಆರ್‌ಡಿಒ ಪ್ರಕಟಿಸಿತು.

ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನದ ಭೂಸ್ಪರ್ಶ ಪರೀಕ್ಷೆ ನಡೆದದ್ದೂ ಇಲ್ಲಿಯೇ. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಆ ವಾಹನವನ್ನು ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ವಾಹನ ತಾನಾಗಿಯೇ ರನ್‌ವೇಗೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರ ಪರೀಕ್ಷೆಗಳಲ್ಲಿ ಬೇಕೆಂದೇ ರನ್‌ವೇ ನೇರದಿಂದ ಪಕ್ಕಕ್ಕೆ ಬಿಡಲಾಯಿತು. ಮಾರ್ಚ್‌ನಲ್ಲಿ 150 ಮೀಟರ್, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ. ಸುಲಭದ್ದನ್ನು ಸಾಧಿಸಿ, ಬರೆದಿಟ್ಟು, ಆಮೇಲೆ ಕಷ್ಟದ್ದಕ್ಕೆ ಕೈಹಾಕುವ ಕ್ರಮ ಇದು.

ವೈಫಲ್ಯಗಳೂ ಈ ದಾಖಲೆಯ ಭಾಗ. 2009ರ ನವೆಂಬರ್‌ನಲ್ಲಿ ಹೊಸೂರಿನಲ್ಲಿ ಮೊದಲು ಹಾರಿದ ರುಸ್ತುಂ-1 ಇಳಿಯುವಾಗ ಅಪಘಾತಕ್ಕೀಡಾಯಿತು. ಮರುವರ್ಷ ಯಶಸ್ವಿಯಾಗಿ ಹಾರಿತು. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ವಿಮಾನವೊಂದು ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಬಳಿಯ ಹೊಲದಲ್ಲಿ ಬಿದ್ದಾಗ ಸುತ್ತಲಿನ ಹಳ್ಳಿಗಳ ಜನ ಓಡಿ ಬಂದು ನೋಡಿದ್ದರು. ರುಸ್ತುಂ-2ಕ್ಕೆ ತಪಸ್ ಎಂಬ ಹೆಸರು ಬಂದ ಮೇಲೆ, 2023ರ ಆಗಸ್ಟ್ 20ರಂದು, ಇನ್ನೊಂದು ವಿಮಾನ ಹಿರಿಯೂರು ತಾಲ್ಲೂಕಿನಲ್ಲಿ ಪತನಗೊಂಡಿತು. ಬಿದ್ದದ್ದು ಏಕೆಂದು ಹುಡುಕಿ ಬರೆದಿಡುವುದು ವಿಮಾನ ಕಟ್ಟುವವರ ಶಿಸ್ತು. ಮುಂದಿನವರಿಗೆ ಅದೇ ಕೈಪಿಡಿ.

ಪುಸ್ತಕದ ಮಿತಿ

ಕೈಪಿಡಿ ಬೇಡ ಎನ್ನುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ತಾನೇ ತಡಕಾಡಿ ದಾರಿ ಕಂಡುಕೊಳ್ಳುವುದೇ ಹವ್ಯಾಸದ ಸುಖ. ಎಲ್ಲವನ್ನೂ ಪುಸ್ತಕ ಹೇಳಿಬಿಟ್ಟರೆ ಉಳಿಯುವುದು ಕೂಲಿ ಕೆಲಸ ಎಂಬುದು ಅವರ ನಿಲುವು. ಪುಸ್ತಕದ ಬೆಲೆ ಕೆಲವೊಮ್ಮೆ ಕಿಟ್‌ನ ಬೆಲೆಯನ್ನೇ ಮೀರುವುದೂ ಉಂಟು. ಲೇಖಕನ ತಪ್ಪು ಓದುಗರೆಲ್ಲರ ಮಾದರಿಗೂ ದಾಟುವ ಅಪಾಯವೂ ಇದೆ. ಪುಸ್ತಕ ಓದಿದ ಮಾತ್ರಕ್ಕೆ ಕೈ ಪಳಗುವುದಿಲ್ಲ ಎಂಬುದಂತೂ ಸರ್ವವಿದಿತ.

ಆದರೆ ತಡಕಾಟದ ಸುಖ ಎರಡನೆಯ ಕಿಟ್ ಕೊಳ್ಳಬಲ್ಲವರಿಗೆ ಸಲ್ಲುವ ಮಾತು. ಒಂದೇ ಕಿಟ್‌ಗೆ ಹಣ ಹೊಂದಿಸಿದ ವಿದ್ಯಾರ್ಥಿಗೆ ಅದು ದುಬಾರಿ ಸುಖ.

ಮಾಡಬೇಕಾದುದೇನು?

ಹೊಸಬರು ಅನುಸರಿಸಬಹುದಾದ ಕ್ರಮ ಸರಳವಾದುದು. ಮೊದಲ ಮಾದರಿಗೆ 1:72 ಪ್ರಮಾಣದ, ಒಂಟಿರೆಕ್ಕೆಯ, ದೊಡ್ಡ ತಯಾರಕರ ಕಿಟ್ ಸಾಕು. ಅದಕ್ಕೆ ಪುಸ್ತಕ ಬೇಡ. ಅಂಟಿಸುವ ಮುನ್ನ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ, ಬಣ್ಣದ ಪುಟವೂ ಸೇರಿದಂತೆ, ಓದಬೇಕು. ಪ್ರತಿ ಭಾಗವನ್ನೂ ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಬೇಕು. ಮುಂದಿನ ಗಾಲಿಯ ವಿಮಾನವಾದರೆ ಮೂತಿಗೆ ಭಾರ ಬೇಕೆ ಎಂಬುದನ್ನು ಒಡಲು ಮುಚ್ಚುವ ಮುನ್ನವೇ ಪರಿಶೀಲಿಸಬೇಕು.

ಜೋಡಿರೆಕ್ಕೆ, ನಿರ್ವಾತ ವಿಧಾನ ಅಥವಾ ರಾಳದ ಕಿಟ್‌ಗಳಿಗೆ ಹೊರಳುವಾಗ ಕೈಪಿಡಿ ಅವಶ್ಯ. ಒಂದು ಕಿಟ್‌ಗೆ ಸೀಮಿತವಾದ ಪುಸ್ತಕಕ್ಕಿಂತ ತಂತ್ರಗಳನ್ನು ಕಲಿಸುವ ಸಾಮಾನ್ಯ ಪುಸ್ತಕವೊಂದು, ಆಯ್ದ ವಿಮಾನದ ಆಕರ ಪುಸ್ತಕವೊಂದು ಹೆಚ್ಚು ಕಾಲ ಬಾಳುತ್ತವೆ. ಸುರಕ್ಷತೆಗೂ ಇವು ಬೇಕು. ರಾಳವನ್ನು ಉಜ್ಜುವಾಗ ಮುಖಗವಸು ಧರಿಸಬೇಕು, ಒದ್ದೆಯಾಗಿಸಿ ಉಜ್ಜಬೇಕು. ದ್ರಾವಕದ ಅಂಟು ಬಳಸುವಾಗ ಕಿಟಕಿ ತೆರೆದಿರಬೇಕು. ಇಂಥ ಎಚ್ಚರಿಕೆಯನ್ನು ಮಕ್ಕಳು ಸಣ್ಣಕ್ಷರದ ಹಾಳೆಯಲ್ಲಿ ಓದುವುದು ಅಪರೂಪ.

ಇವೆಲ್ಲಕ್ಕೂ ಮಿಗಿಲಾದ ಕೈಪಿಡಿ ನಿಜವಾದ ವಿಮಾನ. ಪರೀಕ್ಷಾ ವಲಯದೊಳಗೆ ಜನಸಾಮಾನ್ಯರಿಗೆ ಪ್ರವೇಶವಿಲ್ಲ. ಆದರೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಎಲ್ ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ 1961ರಲ್ಲಿ ಮೊದಲು ಹಾರಿದ ಮಾರುತ್ ಸೇರಿದಂತೆ ಹಲವು ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಗಾಲಿಯ ಕಡ್ಡಿ ಎಷ್ಟು ಓರೆ, ತಗಡಿನ ಸಂದು ಎಷ್ಟು ತೆಳು ಎಂಬುದನ್ನು ಅಲ್ಲಿ ಕಣ್ಣಾರೆ ಕಂಡವನಿಗೆ ಹಲವು ಪುಟಗಳ ಓದು ಉಳಿಯುತ್ತದೆ.

ಭಾಷೆಯ ತೊಡಕು ಕೊನೆಯದಾದರೂ ಚಿಕ್ಕದಲ್ಲ. ತಮಿಯಾದ ಹಾಳೆಯಲ್ಲಿ ಜಪಾನಿ, ಇಂಗ್ಲಿಷ್, ಜರ್ಮನ್, ಫ್ರೆಂಚ್ ವಿವರಣೆಗಳಿರುತ್ತವೆ. ಚಳ್ಳಕೆರೆಯ ಕನ್ನಡ ಮಾಧ್ಯಮದ ಬಾಲಕಿಗೆ ಅಲ್ಲಿ ಆಸರೆಯಾಗುವುದು ಚಿತ್ರಗಳು ಮಾತ್ರ. ಶಾಲೆ, ಐಟಿಐ, ಪಾಲಿಟೆಕ್ನಿಕ್‌ಗಳ ಶಿಕ್ಷಕರು ತಮ್ಮ ವಿದ್ಯಾರ್ಥಿಗಳು ಕಟ್ಟಿದ ಮೊದಲ ಮಾದರಿಯ ತಪ್ಪು-ಒಪ್ಪುಗಳನ್ನು ಕನ್ನಡದಲ್ಲಿ ಹತ್ತಿಪ್ಪತ್ತು ಪುಟ ಬರೆದಿಟ್ಟರೂ ಮುಂದಿನ ತಂಡಕ್ಕೆ ಅದು ಆಸ್ತಿ. ಅದಕ್ಕೆ ಅನುದಾನ ಬೇಡ, ಆದೇಶವೂ ಬೇಡ. ಒಂದು ನೋಟ್‌ಬುಕ್ ಸಾಕು.

ಹಾಗಾಗಿ ಪ್ರಶ್ನೆಗೆ ಉತ್ತರ ಹೀಗಿದೆ: ಭಾಗಗಳು ಹೆಚ್ಚಿವೆ ಎಂಬ ಕಾರಣಕ್ಕೆ ಕೈಪಿಡಿ ಬೇಕಿಲ್ಲ, ಹಾಳೆ ಹೇಳದೆ ಬಿಟ್ಟದ್ದು ಹೆಚ್ಚಿದ್ದರೆ ಬೇಕೇ ಬೇಕು. ಆ ಪುಸ್ತಕ ಸಿಗದಿದ್ದಲ್ಲಿ ಕಟ್ಟಿದವನೇ ಅದನ್ನು ಬರೆಯಬೇಕು. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸಿ ಧೂಳು ಕೊಡವಲು ಓದುಗರಿಗೆ ಇದೂ ಒಂದು ನೆಪವಾಗಬಹುದು.